ನಾಯಿಯ ಊಟಕ್ಕೆ ಬಿಟ್ಟುಕೊಟ್ಟ ಫ್ರಿಜ್ಜು

ಪುಟ್ಟೀ, ಅಪ್ಪೂ,

ಕಳೆದ ಶುಕ್ರವಾರ ಪುಟ್ಟಿಯ ಗೆಳತಿ ಮನೆಗೆ ಬಂದಿದ್ದಳಲ್ಲ, ನಾನು ನಾಯಿಗೆ ಊಟ ಹಾಕುವುದನ್ನು ನೋಡಿ ಅವಳು ಏನೋ ಕೇಳಿದಳು. ಪುಟ್ಟಿ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರದಲ್ಲಿ ನನಗೆ ತಿಳಿದದ್ದು ಇಷ್ಟು: ಮೊದಲು ನಮ್ಮ ಅಜ್ಜಿ ಮಾಂಸವನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ, ಆಮೇಲೆ ಅಮ್ಮ ಹೇಳಿ ಒಪ್ಪಿಸಿದರು. ಅಲ್ಲ ಎನ್ನಲು ಬಾಯಿ ತೆರೆದೆ. ಹೊರಗಿನ ಹುಡುಗಿಯ ಮುಂದೆ ನಾಚಿಕೆಯಾಗಿ ಮುಚ್ಚಿಕೊಂಡೆ. ಈಗ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಕಲಿತ ಕೈ, ಅಕ್ಷರ ದುಂಡಗಿದೆ, ಓದಲು ಕಷ್ಟವಾಗದು. ಆದರೂ ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿ. ಅವಳು ಎಲ್ಲಾದರೂ ಹಾರಿಸಿ ಓದಿದರೆ ನಿಲ್ಲಿಸಿ ಕೇಳಿ. ಇದರಲ್ಲಿ ಅವಳ ವಿಷಯವೂ ಇದೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಬಹರೈನಿಗೆ ಬಂದೆ. ಆಗ ನೀವೆಲ್ಲ ಗುದೈಬಿಯಾದ ಮೂರನೇ ಮಾಳಿಗೆಯ ಫ್ಲಾಟಿನಲ್ಲಿದ್ದಿರಿ. ಕೆಳಗೆ ಹೋಟೆಲು, ಎದುರು ಹೋಟೆಲು, ಬೆಳಗಾದರೆ ಎಲ್ಲೆಲ್ಲೂ ನಮ್ಮ ಊರಿನ ಮಾತು. ನನಗೆ ಅದೂ ಹೆಚ್ಚೇ ಆಗುತ್ತಿತ್ತು. ಅಜ್ಜ ಇದ್ದಾಗ ಅಂಗಡಿಯವನ ಹತ್ತಿರ ಒಂದು ಕಿಲೋ ಉಪ್ಪು ಕೊಡಿ ಎಂದು ಕೇಳಿದವಳೂ ನಾನಲ್ಲ. ಎಲ್ಲ ಮಾತೂ ಅವರದೇ. ಅವರು ಹೋದ ಮೇಲೆ ನನ್ನ ಬದಲು ಮಾತಾಡುವ ಕೆಲಸವನ್ನು ನಿಮ್ಮ ಅಮ್ಮ ವಹಿಸಿಕೊಂಡಳು. ಅಮ್ಮನಿಗೆ ಇದು ಆಗುವುದಿಲ್ಲ, ಅಮ್ಮನಿಗೆ ಅದು ಸೇರುವುದಿಲ್ಲ ಎಂದು ನನ್ನ ಎದುರಿಗೇ ಎಲ್ಲರಿಗೂ ಹೇಳುತ್ತಿದ್ದಳು. ಪ್ರೀತಿಯಿಂದಲೇ. ಅರ್ಧದಷ್ಟು ಸರಿಯಿರುತ್ತಿತ್ತು, ಇನ್ನರ್ಧ ಅವಳು ಹೇಳಿದಾಗಲೇ ನನಗೂ ತಿಳಿಯುತ್ತಿತ್ತು.

ರಿಫಾದ ಈ ವಿಲ್ಲಾಕ್ಕೆ ಬಂದಾಗ ಅಂಗಳದಲ್ಲಿ ನಾಯಿ ಮಲಗಿತ್ತು. ಮೊದಲು ಬಾಡಿಗೆಗಿದ್ದವರು ಇಂಗ್ಲೆಂಡಿನವರು. ಕೆಲಸ ಮುಗಿದು ಹೊರಟಾಗ, ಈ ವಯಸ್ಸಿನ ನಾಯಿ ವಿಮಾನದ ಪ್ರಯಾಣ ತಡೆಯುವುದಿಲ್ಲ ಎಂದು ಬಿಟ್ಟುಹೋದರಂತೆ. ಮರಳಿನ ಬಣ್ಣ, ಉದ್ದ ಕಾಲು, ಎಣಿಸಬಹುದಾದ ಪಕ್ಕೆಲುಬು. ನೀವು ಆಗ ಎರಡನೇ ಮತ್ತು ಐದನೇ ಕ್ಲಾಸು. ಸಾಮಾನು ಇಳಿಸುವ ಮೊದಲೇ ಇಬ್ಬರೂ ಅದರ ಕೊರಳಿಗೆ ಕೈ ಹಾಕಿ ಕೂತಿರಿ. ಅದಕ್ಕೆ ಒಂದು ಇಂಗ್ಲಿಷ್ ಹೆಸರಿತ್ತು. ನನ್ನ ನಾಲಿಗೆಗೆ ಅದು ತಿರುಗಲಿಲ್ಲ. ನಾನು ಮಗಳೇ ಎಂದೆ, ಬಾಲ ಅಲ್ಲಾಡಿಸಿದಳು. ಆವತ್ತಿನಿಂದ ಹಾಗೇ.

ನಿಮ್ಮ ಅಪ್ಪ ಅಮ್ಮ ಬೆಳಿಗ್ಗೆ ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿಗೆ ಹೋದರೆ ಬರುವುದು ಸಂಜೆ. ನಿಮಗೆ ಶಾಲೆ. ಅಷ್ಟು ಹೊತ್ತು ಈ ಮನೆಯಲ್ಲಿ ನಾನು ಮತ್ತು ಅವಳು. ನಾನು ತರಕಾರಿ ಹೆಚ್ಚುವಾಗ ಬಾಗಿಲ ಆಚೆ ಮಲಗಿರುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಊರಿನ ಸುದ್ದಿ, ಮೊಣಕಾಲು ನೋವು, ಅಜ್ಜನ ಮೇಲಿನ ಹಳೆಯ ಸಿಟ್ಟು, ಎಲ್ಲ ಅವಳ ಹತ್ತಿರ ಹೇಳಿದ್ದೇನೆ. ಯಾರ ಮುಂದೆಯೂ ಬಾಯಿ ಬಿಡದವಳು ನಾನು. ಅವಳ ಮುಂದೆ ಮಾತ್ರ ವಾಚಾಳಿ. ಅವಳಿಲ್ಲದೆ ನನಗೆ ಈ ಮನೆಯಲ್ಲಿ ಹಗಲು ಹೇಗೆ ಕಳೆಯುತ್ತಿತ್ತೋ ಗೊತ್ತಿಲ್ಲ.

ನಮ್ಮದು ಮೀನು, ಮೊಟ್ಟೆ ಸೇರದ ಮನೆ. ಊರಿನ ನಮ್ಮ ನಾಯಿಗೆ ಗಂಜಿ, ಮಜ್ಜಿಗೆ, ಮಿಕ್ಕಿದ ಹುಳಿ. ನಾಯಿಗೆ ಎಂತ ಹಾಕುವುದು ಎಂದು ಕೂತು ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಇವಳಿಗೂ ಮೊದಲ ದಿನ ಮೊಸರನ್ನ ಕಲಸಿ ಇಟ್ಟೆ. ಮೂಸಿ ನೋಡಿ ನನ್ನ ಮುಖ ನೋಡಿದಳು, ನೆಂಟರ ಮನೆಯಲ್ಲಿ ಬೇಡವೆನ್ನಲು ಸಂಕೋಚಪಡುವ ಹೆಂಗಸಿನ ಹಾಗೆ. ಹಿಂದಿನವರು ಬಿಟ್ಟುಹೋಗಿದ್ದ ಒಣ ಕಾಳಿನ ಚೀಲ ಒಂದಿತ್ತು. ಅದೇ ಊಟವೆಂದು ಒಂದು ವರ್ಷ ಅದೇ ಬಗೆಯ ಚೀಲ ತರಿಸಿ ಹಾಕಿದೆವು. ಆಮೇಲೆ ಅವಳ ಹಲ್ಲುಗಳು ಒಂದೊಂದಾಗಿ ಹೋದವು. ಕಾಳು ಬಾಯಿಯಿಂದ ಉದುರತೊಡಗಿತು. ಹದಿನೆಂಟು ಕಿಲೋ ಇದ್ದವಳು ಹದಿನಾಲ್ಕಕ್ಕೆ ಇಳಿದಳು.

ನಾಯಿಯ ಡಾಕ್ಟರು ನಮ್ಮ ರಸ್ತೆಯ ಕೊನೆಯಲ್ಲಿ, ಕೋಲ್ಡ್ ಸ್ಟೋರ್ ಎಂದು ಇಲ್ಲಿಯವರು ಕರೆಯುವ ದಿನಸಿ ಅಂಗಡಿಯ ಮಗ್ಗುಲಲ್ಲೇ ಇದ್ದಾರೆ. ಕೇರಳದ ಹೆಂಗಸು. ಅವರು ಹೇಳಿದ್ದು: ಇನ್ನು ಮೆತ್ತಗಿನದೇ ಕೊಡಬೇಕು. ಒಂದೋ ಡಬ್ಬಿಯದು, ಅಲ್ಲದಿದ್ದರೆ ಬೇಯಿಸಿ ಹೆಪ್ಪುಗಟ್ಟಿಸಿದ್ದು. ಕೋಳಿ, ಅನ್ನ, ಸಿಹಿಗುಂಬಳ ಒಟ್ಟಿಗೆ ಬೇಯಿಸಿ ಚಪ್ಪಟೆ ಪೊಟ್ಟಣ ಮಾಡಿ ಫ್ರೀಜರಿನಲ್ಲಿಟ್ಟದ್ದು, ಅವರಲ್ಲೇ ಸಿಗುತ್ತದೆ. ಇನ್ನೂ ಇಳಿದರೆ ಇವಳು ಉಳಿಯುವುದು ಕಷ್ಟ.

ಆ ರಾತ್ರಿ ಊಟಕ್ಕೆ ಕೂತಾಗ ನಡೆದ ಮಾತು ಇದು.

"ಫ್ರೋಜನ್ ನಮ್ಮಲ್ಲಿ ಆಗುವ ಕೆಲಸ ಅಲ್ಲ," ಎಂದಳು ನಿಮ್ಮ ಅಮ್ಮ. "ಒಳಗಿನ ಫ್ರಿಜ್ಜಿನಲ್ಲಿ ಅಡಿಗೆಯದ್ದು. ಹಿಂದಿನದ್ದು ಅಮ್ಮನ ಮಡಿ ಫ್ರಿಜ್ಜು. ಕೋಳಿ ಎಲ್ಲಿ ಇಡುವುದು, ನನ್ನ ತಲೆ ಮೇಲಾ?"

"ಡಬ್ಬಿಯೇ ಆಗ್ಬಹುದು," ಎಂದರು ಅಪ್ಪ. "ಮುಚ್ಚಿದ ಡಬ್ಬಿ, ಅಂಗಳದಲ್ಲೇ ತೆಗೆದು ಅಲ್ಲೇ ಹಾಕಿದರಾಯ್ತು. ಅತ್ತೆಗೆ ವಾಸನೆಯೂ ಬರುವುದಿಲ್ಲ. ಅಲ್ವಾ ಅತ್ತೇ?"

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ಅವರೇ ತಿಳಿದುಕೊಳ್ಳಲಿ ಎಂಬ ಹಾಗೆ ಆಡಿಸುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಆಫೀಸಿನ ಪಾರ್ಟಿಯಿಂದ ಬಂದ ದಿನ ನಿಮ್ಮ ಅಪ್ಪ ಎಷ್ಟು ಹೊತ್ತು ಬಾಯಿ ಮುಕ್ಕಳಿಸುತ್ತಾರೆಂದು ನನಗೆ ಗೊತ್ತು. ಅದಕ್ಕೂ ನಾನು ಎಂದೂ ಮಾತೆತ್ತಿದವಳಲ್ಲ.

ಮಡಿ ಫ್ರಿಜ್ಜು ಎಂದರೆ ಯಾವುದು ಎಂದು ಹೇಳಬೇಕು. ನಾನು ಬಂದ ಹೊಸದರಲ್ಲಿ ನಿಮ್ಮ ಅಪ್ಪನೇ ತಂದುಕೊಟ್ಟ ಪುಟ್ಟ ಫ್ರಿಜ್ಜು. ಅಡಿಗೆಮನೆಯ ಹಿಂದಿನ ಓಣಿಯಲ್ಲಿರುತ್ತಿತ್ತು. ನೈವೇದ್ಯದ ಹಾಲು, ನಾನೇ ಹೆಪ್ಪು ಹಾಕಿದ ಮೊಸರು, ಊರಿನಿಂದ ವಿಮಾನದಲ್ಲಿ ಬರುವ ಮಲ್ಲಿಗೆ, ಕೆಸುವಿನ ಎಲೆ, ಮೇಲಿನ ಫ್ರೀಜರಿನಲ್ಲಿ ಹಲಸಿನ ಸೊಳೆ ಮತ್ತು ತೆಂಗಿನತುರಿ. ಸ್ನಾನ ಮಾಡದೆ ಯಾರೂ ಅದರ ಬಾಗಿಲು ತೆಗೆಯುವಂತಿರಲಿಲ್ಲ. ನಾನು ಹಾಗೆ ಹೇಳಿರಲಿಲ್ಲ. ನಿಮ್ಮ ಅಮ್ಮ ಹೇಳಿದ್ದಳು. ನಾನು ಅಲ್ಲವೆನ್ನಲಿಲ್ಲ, ಅಷ್ಟೆ. ಈ ದೇಶದಲ್ಲಿ ನನ್ನದೆಂದು ಬಾಗಿಲಿದ್ದ ವಸ್ತು ಅದೊಂದೇ ಆಗಿತ್ತು, ಅದೂ ನಿಜ.

ಡಬ್ಬಿಗಳು ಬಂದವು. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಿಮ್ಮ ಅಮ್ಮ ಮೂಗು ಮುರಿಯುತ್ತ ಒಂದನ್ನು ತೆಗೆದು ಅರ್ಧ ಹಾಕುತ್ತಿದ್ದಳು. ಉಳಿದರ್ಧವನ್ನು ಫ್ರಿಜ್ಜಿನಲ್ಲಿಡಬೇಕೆಂದು ಡಬ್ಬಿಯ ಮೇಲೆಯೇ ಚಿತ್ರವಿತ್ತು. ಇಡಲು ಜಾಗವಿಲ್ಲವಲ್ಲ, ಎಸೆಯುತ್ತಿದ್ದರು. ನಾಯಿ ಡಬ್ಬಿಯ ಗೊಜ್ಜನ್ನು ನೆಕ್ಕಿ ತುಂಡುಗಳನ್ನು ಹಾಗೇ ಬಿಡುತ್ತಿದ್ದಳು. ನಾಲ್ಕನೆಯ ದಿನದಿಂದ ಭೇದಿ ಶುರುವಾಯಿತು. ಎಲ್ಲ ನಾಯಿಗೂ ಹೀಗಾಗುವುದಿಲ್ಲ, ಇವಳ ಹೊಟ್ಟೆಗೆ ಆ ಗೊಜ್ಜು ಹಿಡಿಸುವುದಿಲ್ಲ ಎಂದರು ಡಾಕ್ಟರು. ಎರಡು ವಾರದಲ್ಲಿ ಇನ್ನೊಂದು ಕಿಲೋ ಹೋಯಿತು. ಹದಿಮೂರು.

ಪೊಟ್ಟಣವನ್ನು ನೋಡಲೇಬೇಕಾಯಿತು. ಆಗಲೂ ನನ್ನನ್ನು ಕೇಳದೆ ನಿಮ್ಮ ಅಮ್ಮ ಒಂದು ಉಪಾಯ ಹೂಡಿದಳು. ಪಕ್ಕದ ವಿಲ್ಲಾದವರು ನಮ್ಮ ಕಡೆಯ ಕ್ರಿಶ್ಚಿಯನ್ನರು, ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸು. ಹತ್ತು ಪೊಟ್ಟಣ ಅವರ ಫ್ರೀಜರಿನಲ್ಲಿ ಇಡುವುದು, ದಿನಕ್ಕೊಂದು ತರುವುದು.

ಆಕೆ ಬೆಳಿಗ್ಗೆ ಆರೂವರೆಗೆ ಡ್ಯೂಟಿಗೆ ಹೊರಡುವಾಗ ಕಾಂಪೌಂಡ್ ಗೋಡೆಯ ಮೇಲಿನಿಂದ ಕಲ್ಲಿನಂಥ ಪೊಟ್ಟಣ ಚಾಚುತ್ತಿದ್ದಳು.

"ತಕ್ಕೊಳ್ಳಿ ಅಮ್ಮಾ. ನಿಮ್ಮ ನಾಯಿಯ ಊಟ ನಮ್ಮ ಬಂಗುಡೆ ಮೀನಿನ ಪಕ್ಕದಲ್ಲಿ ಆರಾಮಲ್ಲಿ ಉಂಟು. ಬಾಡಿಗೆ ಎಂತದೂ ಬೇಡ, ಪತ್ರೊಡೆ ಮಾಡಿದ ದಿನ ನೆನಪು ಮಾಡಿ ಸಾಕು."

ನಾನು ನಗುತ್ತಿದ್ದೆ. ಹಳೆಯ ಪೇಪರಿನಲ್ಲಿ ಸುತ್ತಿ ತೆಗೆದುಕೊಳ್ಳುತ್ತಿದ್ದೆ. ಒಂದು ಮಾತಾದರೂ ಆಡಬೇಕಿತ್ತು. ಆಡಲಿಲ್ಲ.

ಮೊದಲ ಎರಡು ದಿನ ಶುಕ್ರವಾರ, ಶನಿವಾರ, ಇಲ್ಲಿಯ ವಾರದ ರಜೆ. ನಿಮ್ಮ ಅಮ್ಮ ಮನೆಯಲ್ಲಿದ್ದು ಏನೋ ಮಾಡಿ ಕರಗಿಸಿ ಹಾಕಿದಳು. ನಾಯಿ ತಟ್ಟೆಯ ತಳ ಕಾಣುವವರೆಗೆ ತಿಂದಳು. ಭಾನುವಾರ ಅಮ್ಮ ಆಫೀಸಿಗೆ ಹೊರಡುವಾಗ, "ಸ್ವಲ್ಪ ಹೊತ್ತು ಹೊರಗೆ ಇಡಮ್ಮ, ಮೆತ್ತಗಾದ ಮೇಲೆ ಕತ್ತರಿಸಿ ಹಾಕು," ಎಂದಳು. ಅಷ್ಟೇ ಹೇಳಿದ್ದು.

ಹೊರಗೆ ಎಂದರೆ ನನಗೆ ತಾರಸಿ. ಜೂನ್ ತಿಂಗಳು. ಇಲ್ಲಿಯ ಬಿಸಿಲಿನ ಬಗ್ಗೆ ಎಲ್ಲರೂ ದೂರುತ್ತಾರೆ, ನಾನು ಮಾತ್ರ ದೂರಿದವಳಲ್ಲ. ಊರಿನಲ್ಲಿ ಮೂರು ದಿನ ಮೋಡ ನೋಡಿ ನೋಡಿ ಒಣಗಿಸುವ ಸಂಡಿಗೆ ಇಲ್ಲಿ ಮಧ್ಯಾಹ್ನದೊಳಗೆ ಕಟುಕಟು ಎನ್ನುತ್ತದೆ. ಬಿಸಿಲಿಗೆ ಇಟ್ಟದ್ದು ಕೆಡುವುದಿಲ್ಲ, ಬಿಸಿಲು ತಾಗಿದರೆ ಎಲ್ಲ ಶುದ್ಧ ಎಂದು ಚಿಕ್ಕಂದಿನಿಂದ ಕಂಡುಕೊಂಡದ್ದು. ಹಾಸಿಗೆ, ಉಪ್ಪಿನಕಾಯಿಯ ಭರಣಿ, ಮೆಣಸು, ಬಾಣಂತಿಯ ಬಟ್ಟೆ, ಯಾವುದನ್ನು ನಾವು ಬಿಸಿಲಿಗೆ ಇಟ್ಟಿಲ್ಲ? ಅಡಿಗೆಮನೆಗೆ ತರುವ ಪ್ರಶ್ನೆಯೂ ಇರುವುದಿಲ್ಲ ಎಂದು ಪೊಟ್ಟಣವನ್ನು ಹಳೆಯ ಮರದ ಮಣೆಯ ಮೇಲಿಟ್ಟು, ಕಾಗೆ ಮುಟ್ಟದ ಹಾಗೆ ಸಂಡಿಗೆಗೆ ಹೊದಿಸುವ ತೆಳು ಬಟ್ಟೆ ಹೊದಿಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬಂದೆ. ಏಳು ಗಂಟೆಗೆ ಇಟ್ಟದ್ದನ್ನು ಹನ್ನೊಂದೂವರೆಗೆ ತಂದೆ. ಪೊಟ್ಟಣ ಪೂರಿಯ ಹಾಗೆ ಉಬ್ಬಿತ್ತು. ಚೆನ್ನಾಗಿ ಬಿಸಿಯಾಗಿದೆ ಎಂದುಕೊಂಡೆ. ಮಾಂಸದ ವಾಸನೆ ಹೇಗಿರಬೇಕು, ಹೇಗಿರಬಾರದು ಎಂದು ನನಗೆ ಹೇಗೆ ಗೊತ್ತಾಗಬೇಕು? ಜನ್ಮದಲ್ಲಿ ಮೂಸಿದವಳಲ್ಲ.

ಅವಳು ತಿಂದಳು. ಪೂರ್ತಿ ತಿಂದು ನನ್ನ ಸೀರೆಯ ಅಂಚಿಗೆ ಮೂಗು ಒರೆಸಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳ ಮುಂದೆಯೇ ನೆಲದಲ್ಲಿ ಕೂತು ತಲೆ ಸವರಿದೆ.

ಒಂದು ಗಂಟೆ ಕಳೆಯುವುದರೊಳಗೆ ವಾಂತಿ. ಮತ್ತೆ ಮತ್ತೆ ವಾಂತಿ. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಬೆನ್ನು ಕಮಾನಾಗಿ ಬಗ್ಗುತ್ತಿತ್ತು. ನಿಮ್ಮ ಅಮ್ಮನಿಗೆ ಫೋನು ಮಾಡಿದೆ. ಅವಳು ಮೀಟಿಂಗ್ ಬಿಟ್ಟು, ನಿಮ್ಮ ಅಪ್ಪನನ್ನೂ ಕರೆದುಕೊಂಡು ಕಾರಿನಲ್ಲಿ ಬಂದಳು. ಡಾಕ್ಟರು ಸೂಜಿ ಹಾಕಿ, ಚರ್ಮದ ಕೆಳಗೆ ನೀರಿನ ಮದ್ದು ಬಿಟ್ಟರು. ಆಮೇಲೆ ಕೇಳಿದರು, ಏನು ಹಾಕಿದ್ದಿರಿ?

"ನೀವು ಕೊಟ್ಟ ಪೊಟ್ಟಣವೇ," ಎಂದಳು ಅಮ್ಮ. "ಫ್ರೀಜರಿನಿಂದ ತೆಗೆದು ಕರಗಿಸಿ ಹಾಕಿದ್ದು."

ಹಾಗಾದರೆ ಅದೂ ಹಿಡಿಸುವುದಿಲ್ಲ, ನಿಲ್ಲಿಸಿ ಎಂದರು ಡಾಕ್ಟರು. ತಕ್ಕಡಿಯ ಮೇಲೆ ಹನ್ನೆರಡೂವರೆ ಕಿಲೋ. ನಾನು ಗೋಡೆ ಬದಿಯ ಕುರ್ಚಿಯಲ್ಲಿ ಕೈಚೀಲ ಹಿಡಿದು ಕೂತಿದ್ದೆ. ತಾರಸಿಯ ವಿಷಯ ನಾಲಿಗೆಯ ತುದಿಗೆ ಬಂತು. ಅಲ್ಲಿ ಬೆಕ್ಕು ಹಿಡಿದುಕೊಂಡ ಇಬ್ಬರು ಅರಬ್ಬಿ ಹೆಂಗಸರಿದ್ದರು. ಅವರಿಗೆ ಕನ್ನಡ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಹೇಳಲಿಲ್ಲ.

ಕಾರಿನಲ್ಲಿ ನಿಮ್ಮ ಅಪ್ಪ ಹೇಳಿದರು, ಮೃದುವಾಗಿಯೇ. ಊರಾಚೆಯ ತೋಟದಲ್ಲಿ ಬಿಟ್ಟುಹೋದ ನಾಯಿಗಳನ್ನು ಸಾಕುವವರು ಇದ್ದಾರೆ. ಅವರಿಗೆ ಇದೆಲ್ಲ ಗೊತ್ತು. ಫೋನು ಮಾಡಿ ಕೇಳಿದ್ದೇನೆ, ಗುರುವಾರ ಬಂದು ಕೊಂಡುಹೋಗುತ್ತಾರೆ. ನಮ್ಮ ಕೈಯಲ್ಲಿ ಸಾಯುವುದಕ್ಕಿಂತ ಅದು ಒಳ್ಳೆಯದು. ಅಮ್ಮ ಅಳುತ್ತಿದ್ದಳು. ನಾಯಿ ನನ್ನ ಮಡಿಲಿನಲ್ಲಿ ತಲೆಯಿಟ್ಟಿದ್ದಳು. ಅವಳನ್ನು ಆ ಸ್ಥಿತಿಗೆ ತಂದವಳು ನಾನು. ನಾನು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪೆಲ್ಲ ಆ ಪೊಟ್ಟಣದ ತಲೆಗೆ ಹೋಗುತ್ತದೆ, ಅವಳಿಗೆ ಹಿಡಿಸಿದ ಒಂದೇ ಊಟ ನಿಂತುಹೋಗುತ್ತದೆ, ಗುರುವಾರ ಅವಳೂ ಹೋಗುತ್ತಾಳೆ. ಇಷ್ಟು ಸ್ಪಷ್ಟವಾಗಿ ನನಗೆ ಯಾವುದೂ ಅರ್ಥವಾದದ್ದಿಲ್ಲ.

ಮರುದಿನ ಬೆಳಿಗ್ಗೆ ನಿಮ್ಮನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಬಂದು, ಅವರಿಬ್ಬರೂ ಕಾಫಿ ಕುಡಿಯುತ್ತಿದ್ದಾಗ ಮೇಜಿನ ಪಕ್ಕ ನಿಂತೆ.

"ಪೊಟ್ಟಣದ ತಪ್ಪಲ್ಲ ಅದು," ಎಂದೆ. "ನಾನು ಅದನ್ನು ತಾರಸಿಯಲ್ಲಿ ಬಿಸಿಲಿಗೆ ಇಟ್ಟಿದ್ದೆ."

ನಿಮ್ಮ ಅಮ್ಮ ಲೋಟ ಕೆಳಗಿಟ್ಟಳು. "ಬಿಸಿಲಿಗಾ? ಎಷ್ಟು ಹೊತ್ತು?"

"ಏಳರಿಂದ ಹನ್ನೊಂದೂವರೆ."

"ಅಮ್ಮಾ! ಅದೇನು ಸಂಡಿಗೆಯಾ?"

"ಸಂಡಿಗೆಯ ಹಾಗೇ ಇಟ್ಟದ್ದು. ಬಟ್ಟೆ ಹೊದಿಸಿ."

ಅಪ್ಪನಿಗೆ ಕಾಫಿ ನೆತ್ತಿಗೇರಿತು. ಅವರು ಕೆಮ್ಮಿ ಕೆಮ್ಮಿ ನಗುವುದನ್ನು ನೋಡಿ ಅಮ್ಮನಿಗೆ ಸಿಟ್ಟು ಬಂತು. "ನಗ್ಬೇಡಿ ನೀವು. ನಿನ್ನೆ ಡಾಕ್ಟರ ಹತ್ತಿರ ಯಾಕೆ ಹೇಳ್ಲಿಲ್ಲ ಅಮ್ಮ ನೀನು? ಪಾಪದ ಜೀವ ಸಾಯ್ತಿತ್ತು."

"ಹೌದು. ಸಾಯ್ತಿತ್ತು. ಹೇಳದೆ ಇದ್ದದ್ದು ತಪ್ಪು. ಈಗ ಹೇಳ್ತಾ ಇದ್ದೇನೆ. ಇನ್ನೊಂದು ಉಂಟು. ನೆರೆಮನೆಯ ಫ್ರೀಜರು ಬೇಡ. ನನ್ನ ಫ್ರಿಜ್ಜಿನಲ್ಲಿ ಇಡುವುದು."

"ನಿನ್ನ ಮಡಿಯದ್ದರಲ್ಲಾ?"

"ನನ್ನ ಮಡಿ ಏನು, ಎಷ್ಟು ಎಂದು ನನ್ನನ್ನು ಒಮ್ಮೆಯಾದರೂ ಕೇಳಿದ್ದೀಯಾ ನೀನು?"

ಅಷ್ಟು ಜೋರಾಗಿ ಹೇಳಬೇಕೆಂದು ಇರಲಿಲ್ಲ. ಧ್ವನಿ ತಾನಾಗಿ ಏರಿತ್ತು.

"ಅಲ್ಲ ಅತ್ತೇ," ಎಂದರು ಅಪ್ಪ ಕಣ್ಣೊರೆಸಿಕೊಳ್ಳುತ್ತಾ, "ಗುರುವಾರ ಆ ತೋಟದವರು ಬರ್ತಾರಲ್ಲ, ಅವರಿಗೆ ಎಂತ ಹೇಳುವುದು?"

"ಬರಲಿ. ಕಾಫಿ ಮಾಡಿ ಕೊಡ್ತೇನೆ. ನಾಯಿ ಕೊಡುವುದಿಲ್ಲ."

ಅವರು ಆಫೀಸಿಗೆ ಹೋದ ಮೇಲೆ ಫ್ರಿಜ್ಜು ಖಾಲಿ ಮಾಡಿದೆ. ಹಾಲು, ಮೊಸರು ಒಳಗಿನ ಫ್ರಿಜ್ಜಿನ ಮೇಲಿನ ಅಂತಸ್ತಿಗೆ ಹೋಯಿತು. ಮಲ್ಲಿಗೆಯನ್ನು ದೇವರಿಗೆ ಏರಿಸಿದೆ. ಕೆಸುವಿನ ಎಲೆಯನ್ನೆಲ್ಲ ಸೇರಿಸಿ ಪತ್ರೊಡೆಗೆ ಅಕ್ಕಿ ನೆನೆಹಾಕಿದೆ. ಒಳಗಿನ ಫ್ರೀಜರಿನಲ್ಲಿ ಹಲಸಿನ ಸೊಳೆ, ಕಾಯಿತುರಿ ಎರಡೂ ಹಿಡಿಸದೆ ಹೋದಾಗ ಸೊಳೆಯನ್ನು ಆವತ್ತೇ ಪಾಯಸಕ್ಕೆ ಹಾಕಿದೆ. ನೀವು ಶಾಲೆಯಿಂದ ಬಂದು, ಇವತ್ತು ಯಾವ ಹಬ್ಬ ಅಜ್ಜೀ ಎಂದು ಕೇಳಿದ್ದು ಇದೇ ದಿನ. ಹಬ್ಬ ಯಾವುದೂ ಇರಲಿಲ್ಲ.

ಆದರೆ ಅದಕ್ಕೆ ಮೊದಲು, ಒಂಬತ್ತು ಗಂಟೆಗೆ, ಕೊಡೆ ಹಿಡಿದು ಒಬ್ಬಳೇ ಡಾಕ್ಟರ ಹತ್ತಿರ ಹೋಗಿದ್ದೆ. ಇಲ್ಲಿಗೆ ಬಂದು ಅಷ್ಟು ವರ್ಷವಾದರೂ ಒಬ್ಬಳೇ ಗೇಟು ದಾಟಿ ಯಾರನ್ನೋ ಮಾತಾಡಿಸಲು ಹೊರಟದ್ದು ಅದೇ ಮೊದಲು. ನನ್ನ ಹಿಂದಿ ಟಿವಿಯ ಧಾರಾವಾಹಿಯಿಂದ ಕಲಿತದ್ದು. ಅತ್ತೆ ಸೊಸೆಯರ ಜಗಳಕ್ಕೆ ಬೇಕಾದ ಮಾತೆಲ್ಲ ಬರುತ್ತದೆ, ನಾಯಿಯ ಹೊಟ್ಟೆಗೆ ಬೇಕಾದ್ದು ಬರುವುದಿಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋದೆ. ಒಳಗೆ ಹೋದಾಗ ಎಲ್ಲ ಮರೆತು, ತಪ್ಪು ನನ್ನದು ಎಂಬ ಒಂದು ವಾಕ್ಯ ಮಾತ್ರ ಉಳಿಯಿತು. ಅದನ್ನೇ ಎರಡು ಸಲ ಹೇಳಿದೆ. ಆಮೇಲೆ ಮೇಲೆ ಬೆರಳು ತೋರಿಸಿ, ಬಿಸಿಲು ಎನ್ನಲು ಧೂಪ್ ಎಂದೆ, ಪೊಟ್ಟಣ ಉಬ್ಬಿದ್ದನ್ನು ಎರಡು ಕೈಯಲ್ಲಿ ತೋರಿಸಿದೆ.

ಡಾಕ್ಟರು ನಗಲಿಲ್ಲ. ಹೀಗೆ ಬಂದು ಹೇಳುವವರು ಕಡಿಮೆ ಎಂದರು. ಕುರ್ಚಿ ತೋರಿಸಿದರು. ಅವರು ನಿಧಾನವಾಗಿ ಹೇಳಿದ್ದನ್ನು ನಾನು ಹೊರಗೆ ಬಂದು ಕೋಲ್ಡ್ ಸ್ಟೋರಿನ ನೆರಳಿನಲ್ಲಿ ನಿಂತು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ. ಇವತ್ತು, ನಾಳೆ ಗಂಜಿನೀರು ಮಾತ್ರ. ಆಮೇಲೆ ಸ್ವಲ್ಪ ಸ್ವಲ್ಪ ಪೊಟ್ಟಣದ ಊಟ, ದಿನಕ್ಕೆ ನಾಲ್ಕು ಸಲ. ಪೊಟ್ಟಣವನ್ನು ಹಿಂದಿನ ದಿನವೇ ಫ್ರೀಜರಿನಿಂದ ಇಳಿಸಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಇಡಬೇಕು, ಅಲ್ಲಿಯೇ ಅದು ತಣ್ಣಗೆ ಕರಗಬೇಕು. ಹೊರಗೆ ಅಲ್ಲ, ಬಿಸಿಲಿಗಂತೂ ಅಲ್ಲವೇ ಅಲ್ಲ. ಕರಗಿದ್ದನ್ನು ಎರಡು ದಿನದೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಡಬ್ಬಿ ಒಳ್ಳೆಯದೋ ಇದು ಒಳ್ಳೆಯದೋ ಎಂದು ನಾನು ಕೇಳಿದೆ. ಎರಡೂ ಒಳ್ಳೆಯದೇ ಅಂತೆ. ಯಾವುದು ನಾಯಿಯ ಹೊಟ್ಟೆಗೆ ಹಿಡಿಸುತ್ತದೆ, ಯಾವುದನ್ನು ಮನೆಯವರು ದಿನವೂ ತಪ್ಪದೆ ಮಾಡಬಲ್ಲರು, ಇವೆರಡನ್ನೇ ನೋಡಬೇಕು ಎಂದರು. ನಿಮ್ಮ ಮನೆಯಲ್ಲಿ ದಿನವೂ ಮಾಡುವವರು ಯಾರು?

"ಮೈಂ," ಎಂದೆ.

ನಿಮಗೆ ನಾನು ಸುಳ್ಳು ಹೇಳುವುದಿಲ್ಲ. ಕೈಗವಸು ಹಾಕಿಕೊಂಡು ಮೊದಲ ಸಲ ಅದನ್ನು ಕತ್ತರಿಸುವಾಗ ಮೂಗಿಗೆ ಸೆರಗು ಸುತ್ತಿಕೊಂಡೆ. ಉಸಿರು ಬಿಗಿಹಿಡಿದು ಕತ್ತರಿಸಿದೆ. ಅದಕ್ಕೆಂದೇ ಒಂದು ಚೂರಿ, ಒಂದು ತಟ್ಟೆ, ಒಂದು ಪಾತ್ರೆ ತೆಗೆದಿಟ್ಟೆ. ಕರಗಿದ ತುಂಡನ್ನು ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಬೆಚ್ಚಗಾಗುತ್ತದೆ. ಬೆಚ್ಚಗಿದ್ದರೆ ಮುದಿನಾಯಿ ಮನಸ್ಸಿಟ್ಟು ತಿನ್ನುತ್ತದೆ.

ದಿನಚರಿಯನ್ನೂ ತಿರುಗಿಸಬೇಕಾಯಿತು. ಬುದ್ಧಿ ಬಂದಾಗಿನಿಂದ ನಾನು ಎದ್ದು ಸ್ನಾನ ಮಾಡಿ ದೀಪ ಹಚ್ಚದೆ ಬೇರೆ ಕೆಲಸಕ್ಕೆ ಕೈ ಹಾಕಿದವಳಲ್ಲ. ಬಾಣಂತನದಲ್ಲಿ, ಜ್ವರದಲ್ಲಿ ತಪ್ಪಿರಬಹುದು. ಅಜ್ಜ ತೀರಿಕೊಂಡಾಗ ಹದಿಮೂರು ದಿನ. ಈಗ ಮೊದಲು ನಾಯಿಯ ಊಟ, ಆಮೇಲೆ ಪಾತ್ರೆ ತೊಳೆದು ಸ್ನಾನ, ಆಮೇಲೆ ದೀಪ. ಮೊದಲ ದಿನ ದೇವರ ಮುಂದೆ ನಿಂತು ಬತ್ತಿ ಹಾಕುವಾಗ ಕೈ ತಡೆಯಿತು. ತಡವಾಯಿತು, ಒಬ್ಬಳಿಗೆ ಹಸಿವಾಗಿತ್ತು ಎಂದೆ. ದೀಪ ಎಂದಿನ ಹಾಗೆಯೇ ಉರಿಯಿತು.

ಮಂಗಳವಾರ ಗಂಜಿನೀರು ಕುಡಿದಳು. ಬುಧವಾರ ನಾಲ್ಕು ಸಲ ನಾಲ್ಕು ಚಮಚದಷ್ಟು ತಿಂದಳು, ಎರಡನೆಯ ಸಲದ್ದನ್ನು ಅರ್ಧ ಬಿಟ್ಟಳು. ವಾಂತಿಯಾಗಲಿಲ್ಲ. ಗುರುವಾರ ತೋಟದವರು ಬಂದರು. ಇಬ್ಬರು, ಒಬ್ಬಳು ಬಿಳಿ ಹೆಂಗಸು, ಇನ್ನೊಬ್ಬಳು ಫಿಲಿಪ್ಪೀನಿನ ಹುಡುಗಿ. ನಿಮ್ಮ ಅಪ್ಪ ರಜೆ ಹಾಕಿ ಮನೆಯಲ್ಲಿದ್ದರು. ಅವರೊಡನೆ ಇಂಗ್ಲಿಷಿನಲ್ಲಿ ತುಂಬ ಹೊತ್ತು ಮಾತಾಡಿದರು. ನಾನು ಹೇಳಿದ ಹಾಗೆ ಕಾಫಿ ಕೊಟ್ಟೆ. ಕೊಟ್ಟು ಒಳಗೆ ಹೋಗಲಿಲ್ಲ, ನಾಯಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ಬಿಳಿ ಹೆಂಗಸು ನಾಯಿಯ ಒಸಡು ಎತ್ತಿ ನೋಡಿ, ಬೆನ್ನು ಸವರಿ, ನನ್ನ ಕಡೆ ತಿರುಗಿ ಏನೋ ಹೇಳಿದಳು.

"ಎಂತ ಹೇಳಿದ್ದು?" ಎಂದೆ.

"ಇನ್ನೊಂದು ವಾರ ನೋಡುವ ಅಂತೆ," ಎಂದರು ಅಪ್ಪ. "ಮುಂದಿನ ಗುರುವಾರ ತೂಕ ಇಳಿದಿದ್ದರೆ ಅವರು ತಕ್ಕೊಂಡು ಹೋಗ್ತಾರೆ. ಇಳಿಯದಿದ್ದರೆ ಬೇಡ. ಇದಾದರೂ ಒಪ್ಪಿಗೆಯಾ ಅತ್ತೇ?"

"ಒಪ್ಪಿಗೆ," ಎಂದೆ.

ಆ ವಾರ ನಾನು ಮಾಡಿದ್ದು ಒಂದೇ ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಊಟಕ್ಕೆ ಒಂದು ಗೀಟು ಎಳೆದೆ. ಬಿಟ್ಟರೆ ಅಡ್ಡಗೀಟು. ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ, "ಅಮ್ಮಾ, ನಮ್ಮ ಬಂಗುಡೆಗೆ ಬೇಜಾರು ಬರ್ತಾ ಉಂಟು, ಜೊತೆ ಇಲ್ಲ," ಎಂದಾಗ ಮೊದಲ ಬಾರಿಗೆ ಉತ್ತರ ಕೊಟ್ಟೆ. "ಇವತ್ತು ಪತ್ರೊಡೆ ಉಂಟು, ಒಳಗೆ ಬನ್ನಿ," ಎಂದೆ. ಆಕೆ ಡ್ಯೂಟಿಯ ಉಡುಪಿನಲ್ಲೇ ಬಂದು ನಾಲ್ಕು ತುಂಡು ತಿಂದು, ನಾಯಿಯ ಕಾಲಿನ ಬುಡ ಹಿಡಿದು ನಾಡಿ ನೋಡಿ ಹೋದಳು.

ಆ ಮುಂದಿನ ಗುರುವಾರ ಸಂಜೆ ಎಲ್ಲರೂ ಡಾಕ್ಟರ ಹತ್ತಿರ ಹೋದೆವು. ನೀವಿಬ್ಬರೂ ಬಂದಿದ್ದಿರಿ. ಅಪ್ಪು ತಾನೇ ತಕ್ಕಡಿಯ ಮೇಲೆ ನಿಲ್ಲಬೇಕೆಂದು ಹಟ ಮಾಡಿದ್ದು ನೆನಪಿರಬಹುದು. ಡಾಕ್ಟರು ನಾಯಿಯನ್ನು ಹತ್ತಿಸಿದರು. ಅಂಕೆ ಮೇಲೆ ಕೆಳಗೆ ಆಡಿತು. ಅವಳು ನಡುಗುತ್ತಿದ್ದಳು, ನಾನು ಮಗಳೇ ನಿಲ್ಲು ಎಂದೆ. ಎಲ್ಲರ ಎದುರು, ಜೋರಾಗಿ. ನಿಂತಳು. ಹನ್ನೆರಡು ಕಿಲೋ ಎಂಟುನೂರು ಗ್ರಾಮು. ಮುನ್ನೂರು ಗ್ರಾಮು ಏರಿದ್ದಳು. ನಿಮ್ಮ ಅಪ್ಪ ಫೋನು ಹಿಡಿದು ಹೊರಗೆ ಹೋದರು, ತೋಟದವರಿಗೆ ಬೇಡವೆಂದು ಹೇಳಲು. ಗಾಜಿನ ಬಾಗಿಲಿನ ಆಚೆ ಅವರು ಮಾತಾಡುತ್ತ ನನ್ನ ಕಡೆ ಕೈ ತೋರಿಸಿ ನಗುವುದು ಕಾಣುತ್ತಿತ್ತು. ನಿಮ್ಮ ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟಳು, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಏನೋ ಶುರುಮಾಡಿ ನಡುವೆ ನಿಲ್ಲಿಸಿದಳು. "ಅಮ್ಮ, ನೀನೇ ಕೇಳು ಮುಂದೆ ಎಷ್ಟು ಹಾಕುವುದು ಅಂತ," ಎಂದಳು. ಕೇಳಿದೆ.

ಈಗ ಅವಳು ಹದಿನಾರು ಕಿಲೋ. ವಯಸ್ಸು ಎಷ್ಟೆಂದು ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲ. ನಾಲ್ಕು ಡಬ್ಬಿಗಳು ಕಪಾಟಿನ ಕೆಳಗೆ ಈಗಲೂ ಇವೆ, ಗೊಜ್ಜಿಲ್ಲದ ಬಗೆಯದು. ಕರೆಂಟು ಹೋಗಿ ಪೊಟ್ಟಣಗಳು ಹಾಳಾದರೆ ಒಂದು ದಿನದ ಮಟ್ಟಿಗೆ ಬೇಕಾಗುತ್ತದೆ. ಡಬ್ಬಿಯನ್ನು ದೂರಬೇಡಿ.

ಮುಂದಿನ ತಿಂಗಳು ಕಣ್ಣಿನ ಆಪರೇಷನ್ನಿಗೆ ನಾನು ಊರಿಗೆ ಹೋಗುತ್ತೇನೆ. ಆರು ವಾರ ಅವಳ ಊಟ ನಿಮ್ಮಿಬ್ಬರ ಕೈಯಲ್ಲಿ. ಅಮ್ಮನಿಗೆ ಬಿಡಬೇಡಿ, ಅವಳಿಗೆ ಬೆಳಿಗ್ಗೆ ಅವಸರ. ಪೊಟ್ಟಣ ಇಳಿಸುವುದು ಪುಟ್ಟಿಯ ಕೆಲಸ, ಹಿಂದಿನ ದಿನ ಸಂಜೆ, ಶಾಲೆಯ ಪಾಠ ಮುಗಿದ ಕೂಡಲೇ. ಬೆಚ್ಚಗೆ ಮಾಡಿ ಹಾಕುವುದು ಅಪ್ಪು. ಅವಳು ತಿನ್ನುವವರೆಗೆ ಪಕ್ಕದಲ್ಲಿ ಕೂತಿರಬೇಕು. ಕನ್ನಡದಲ್ಲಿ ಏನಾದರೂ ಮಾತಾಡಿ, ಅವಳಿಗೆ ಅಭ್ಯಾಸವಾಗಿದೆ. ತಪ್ಪಾದರೆ ಆವತ್ತೇ ಬಾಯಿ ಬಿಟ್ಟು ಹೇಳಿ, ಡಾಕ್ಟರು ಬೈಯುವುದಿಲ್ಲ.

ಈ ಹಾಳೆಗಳನ್ನು ನೀರು, ಎಣ್ಣೆ ತಾಗದ ಹಾಗೆ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ, ನಿಮ್ಮ ಪಾಸ್‌ಪೋರ್ಟು, ಶಾಲೆಯ ಸರ್ಟಿಫಿಕೇಟುಗಳ ಜೊತೆ ಇಡಿ. ಮನೆ ಬದಲಾಯಿಸಿದರೂ, ದೇಶ ಬದಲಾಯಿಸಿದರೂ ಕಳೆಯಬೇಡಿ. ನಾನು ಇಷ್ಟು ಉದ್ದ ಮಾತಾಡಿದ್ದು ಇದೊಂದೇ ಸಲ.